ಬಾಗಿಲಿಗೆ ಬಂದ ಬುತ್ತಿ



ಹೊಲದ ಕೆಲಸ, ಮನೆ ಕೆಲಸ ಮುಗಿಸಿ ಬಂದಿದ್ದೀರಿ. ಕೆಲವರು ಮಗುವನ್ನೂ ಎತ್ತಿಕೊಂಡು ಬಂದಿದ್ದೀರಿ. ಮಗು ಅತ್ತರೆ ಅಳಲಿ, ಎದ್ದು ಹೋಗಬೇಡಿ. ನಾನು ಸ್ವಲ್ಪ ಜೋರಾಗಿ ಮಾತಾಡುತ್ತೇನೆ.

ನಾನು ನರ್ಸ್ ಆಗಿ 31 ವರ್ಷ ಕೆಲಸ ಮಾಡಿದವಳು. ಈಗ ಕೆಲಸದಿಂದ ಬಿಡುವಾಗಿದೆ. ಇವತ್ತು ಊಟದ ವಿಷಯ ಮಾತಾಡೋಣ ಅಂತ ಬಂದೆ. ಮಕ್ಕಳ ಊಟ ಅಲ್ಲ, ಬಸುರಿಯ ಊಟ ಅಲ್ಲ. ಅದನ್ನು ಅಂಗನವಾಡಿಯವರು ಎಷ್ಟೋ ಸಲ ಹೇಳಿದ್ದಾರೆ. ನಾನು ಹೇಳುವುದು ವಯಸ್ಸಾದವರ ಊಟ. ಅದರಲ್ಲೂ ಮನೆ ಬಿಟ್ಟು ಹೊರಗೆ ಬರಲಾರದ ಮುದುಕರ ಊಟ.

ನಿಮ್ಮ ಬೀದಿಯನ್ನು ಒಮ್ಮೆ ನೆನೆಸಿಕೊಳ್ಳಿ. ಯಾವ ಯಾವ ಮನೆಯಲ್ಲಿ ಒಬ್ಬರೇ ಅಜ್ಜಿ ಇದ್ದಾರೆ? ಯಾವ ಮನೆಯಲ್ಲಿ ತಾತ, ಅಜ್ಜಿ ಇಬ್ಬರೇ ಇದ್ದಾರೆ? ಬೆರಳು ಮಡಿಸಿ ಎಣಿಸಿ. ಒಂದು ಕೈ ಸಾಲದೇ ಹೋಗಬಹುದು. ಮಕ್ಕಳು ಬೆಂಗಳೂರಿಗೆ ಹೋದರು. ಗಾರ್ಮೆಂಟ್ಸ್ ಸೇರಿದರು, ಗಾರೆ ಕೆಲಸಕ್ಕೆ ಸೇರಿದರು. ಹೆಣ್ಣುಮಕ್ಕಳು ಮದುವೆಯಾಗಿ ಹೋದರು. ಹಳೆ ಮನೆ, ಹಳೆ ಜೀವ ಇಲ್ಲೇ ಉಳಿದವು.

2011ರ ಜನಗಣತಿಯಲ್ಲಿ ನಮ್ಮ ಕರ್ನಾಟಕದಲ್ಲಿ 60 ವರ್ಷ ದಾಟಿದವರು ಸುಮಾರು 58 ಲಕ್ಷ ಜನ ಇದ್ದರು. ಅದಾದ ಮೇಲೆ ಸಂಖ್ಯೆ ಏರಿದೆ. 2017–18ರಲ್ಲಿ ಇಡೀ ದೇಶದ ವಯಸ್ಸಾದವರ ಬಗ್ಗೆ ಸರ್ಕಾರ ಒಂದು ದೊಡ್ಡ ಸಮೀಕ್ಷೆ ಮಾಡಿಸಿತು. ಮನೆ ಮನೆಗೆ ಹೋಗಿ ತೂಕ, ಎತ್ತರ ಅಳೆದರು. 60 ದಾಟಿದ ನೂರು ಜನರಲ್ಲಿ ಸುಮಾರು 27 ಜನರ ತೂಕ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ನಾಲ್ಕು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಆಯಿತಲ್ಲ? ಆ ಒಬ್ಬರು ನನ್ನ ಮನೆಯಲ್ಲೇ ಇದ್ದರು. ನನಗೆ ಗೊತ್ತಿರಲಿಲ್ಲ.

ನನ್ನ ಅವ್ವನ ಕತೆ ಹೇಳುತ್ತೇನೆ.

ನಮ್ಮೂರು ತುಮಕೂರು ಕಡೆಯ ಒಂದು ಸಣ್ಣ ಹಳ್ಳಿ. ನಾನಿದ್ದ ಊರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ಇದ್ದಳು. ಆಗ ಅವಳಿಗೆ 78 ವರ್ಷ. ಮಂಡಿ ನೋವು. ಕೋಲು ಹಿಡಿದು ಹಿತ್ತಲಿನವರೆಗೆ ಹೋಗಿ ಬರುತ್ತಿದ್ದಳು. ಬೀದಿಗೆ ಇಳಿಯಲು ಮೂರು ಮೆಟ್ಟಿಲು. ಆ ಮೂರು ಮೆಟ್ಟಿಲು ಅವಳಿಗೆ ಬೆಟ್ಟ ಆಗಿತ್ತು. ಸಕ್ಕರೆ ಕಾಯಿಲೆಯೂ ಇತ್ತು. ಮಾತ್ರೆ ತಗೋತಿದ್ದಳು.

ನಾನು ದಿನಾ ಸಂಜೆ ಫೋನ್ ಮಾಡುತ್ತಿದ್ದೆ.

“ಊಟ ಆಯ್ತಾ ಅವ್ವ?”

“ಆಯ್ತು ಕಣವ್ವ. ಮುದ್ದೆ, ಸೊಪ್ಪಿನ ಸಾರು.”

ಮಾರನೇ ದಿನವೂ ಅದೇ. ಮುದ್ದೆ, ಸೊಪ್ಪಿನ ಸಾರು. ವಾರವೆಲ್ಲ ಅದೇ. ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ.

ಒಂದು ದಿನ ಹೇಳದೇ ಹೋದೆ. ಮಧ್ಯಾಹ್ನ ಎರಡು ಗಂಟೆ. ಒಲೆ ತಣ್ಣಗಿತ್ತು. ಮೂಲೆಯಲ್ಲಿ ಟೀ ಕುಡಿದ ಮೂರು ಲೋಟ. ಬನ್ನಿನ ಕವರು. ರಾಗಿ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದರೆ ಹುಳು. ಅವ್ವ ನನ್ನನ್ನು ನೋಡಿ ಎದ್ದಳು. ಕೈ ಎತ್ತಿದಾಗ ಬಳೆ ಮೊಣಕೈವರೆಗೆ ಜಾರಿತು. ರವಿಕೆ ಭುಜದಿಂದ ಇಳಿದಿತ್ತು. ತೂಕ ನೋಡಿಸಿದೆ. 38 ಕಿಲೋ.

“ಯಾಕವ್ವ ಸುಳ್ಳು ಹೇಳಿದೆ?” ಅಂತ ಕೇಳಿದೆ.

“ನಂಗೊಬ್ಬಳಿಗೆ ಅಂತ ಯಾರು ಮುದ್ದೆ ಕೂಡಿಸ್ತಾರೆ? ನಿಂಗೆ ಹೇಳಿದ್ರೆ ನೀನು ಕೆಲಸ ಬಿಟ್ಟು ಓಡಿ ಬರ್ತೀಯ” ಅಂದಳು.

ಅಕ್ಕಂದಿರೇ, ಇದು ಬಡತನದ ಹಸಿವಲ್ಲ. ಮನೆಯಲ್ಲಿ ರಾಗಿ ಇತ್ತು, ಅಕ್ಕಿ ಇತ್ತು. ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿತ್ತು. ಇಲ್ಲದೇ ಇದ್ದದ್ದು ಕೂಡಿಸುವ ಕೈ, ಜೊತೆಗೆ ಕೂರುವ ಜೀವ.

ವಯಸ್ಸಾದ ಮೇಲೆ ಹೊಟ್ಟೆಯಲ್ಲಿ ಏನೇನು ಆಗುತ್ತದೆ, ಸ್ವಲ್ಪ ಹೇಳುತ್ತೇನೆ. ನಾಲಿಗೆ ರುಚಿ, ಮೂಗಿನ ವಾಸನೆ ಎರಡೂ ಮಂದ ಆಗುತ್ತವೆ. ಅದಕ್ಕೇ ಮುದುಕರು “ಉಪ್ಪಿಲ್ಲ, ಖಾರ ಇಲ್ಲ” ಅಂತ ಗೊಣಗುತ್ತಾರೆ. ಸೊಸೆಯ ಮೇಲಿನ ಸಿಟ್ಟೇ ಅದಕ್ಕೆಲ್ಲ ಕಾರಣ ಅಂದುಕೊಳ್ಳಬೇಡಿ. ನಾಲಿಗೆಗೇ ತಿಳಿಯುವುದಿಲ್ಲ. ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ. ನೀರು ಬೇಕಿದ್ದರೂ ಕೇಳುವುದಿಲ್ಲ. ಹಲ್ಲು ಹೋಗಿರುತ್ತದೆ. ಟೀ ಕುಡಿದರೆ ಹಸಿವು ಸಾಯುತ್ತದೆ. ಆಮೇಲೆ ಊಟ ಬೇಡ ಅನಿಸುತ್ತದೆ.

ಹೀಗೆ ತಿಂಗಳುಗಟ್ಟಲೆ ಬನ್ನು, ಟೀ ಮೇಲೆ ಬದುಕಿದರೆ ಮಾಂಸಖಂಡ ಕರಗುತ್ತದೆ. ಕಾಲಿನಲ್ಲಿ ಶಕ್ತಿ ಇರುವುದಿಲ್ಲ. ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ. ಸೊಂಟದ ಮೂಳೆ ಮುರಿಯುತ್ತದೆ. ಹಾಸಿಗೆ ಹಿಡಿಯುತ್ತಾರೆ. “ವಯಸ್ಸಾಗಿತ್ತು, ಬಿದ್ದರು, ಹೋದರು” ಅಂತ ನಾವು ಹೇಳುತ್ತೇವೆ. ವಾರ್ಡಿನಲ್ಲಿ ಅಂಥವರನ್ನು ನಾನು ಎಷ್ಟೋ ಜನರನ್ನು ನೋಡಿದ್ದೇನೆ. ಬಿದ್ದ ದಿನ ಯಾವುದು ಅಂತ ಕೇಳಿ ಬರೆದುಕೊಳ್ಳುತ್ತಿದ್ದೆವು. ಬೀಳುವ ಮೊದಲಿನ ಮೂರು ತಿಂಗಳು ಏನು ತಿಂದರು ಅಂತ ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಇರಲಿ. ಅವ್ವನನ್ನು ನನ್ನ ಮನೆಗೆ ಕರೆದುಕೊಂಡು ಬಂದೆ. ಹನ್ನೆರಡು ದಿನ ಇದ್ದಳು. ಹದಿಮೂರನೇ ದಿನ ಗಂಟು ಕಟ್ಟಿದಳು. “ನನ್ನ ಕೋಳಿ, ನನ್ನ ಒಲೆ, ನನ್ನ ಬಾಗಿಲು” ಅಂದಳು. ಎಷ್ಟು ಹೇಳಿದರೂ ಕೇಳಲಿಲ್ಲ. ಕರೆದುಕೊಂಡು ಹೋಗಿ ಬಿಟ್ಟೆ.

ಪಕ್ಕದ ಮನೆಯ ಸೊಸೆಯ ಜೊತೆ ಮಾತಾಡಿದೆ. “ನೀನು ಹೇಗೂ ಮಧ್ಯಾಹ್ನ ಅಡುಗೆ ಮಾಡ್ತೀಯಲ್ಲ ತಾಯಿ, ಒಂದು ಮುದ್ದೆ ಜಾಸ್ತಿ ಕೂಡಿಸು. ಡಬ್ಬಿಯಲ್ಲಿ ಹಾಕಿ ಕೊಟ್ಟು ಬಾ. ತಿಂಗಳಿಗೆ 1,500 ರೂಪಾಯಿ ಕೊಡ್ತೀನಿ” ಅಂದೆ. ಅವಳು ಒಪ್ಪಿದಳು. ದುಡ್ಡು ಬೇಡ ಅಂತ ಮೊದಲು ಅಂದಳು. ನಾನೇ ಬಲವಂತ ಮಾಡಿದೆ. ಹೆಂಗಸರ ಅಡುಗೆಗೆ ಬೆಲೆ ಇಲ್ಲ ಅನ್ನುವುದು ನಮ್ಮಲ್ಲಿ ಮೊದಲಿನಿಂದ ಬಂದ ರೋಗ. ಸೌದೆ, ಬೇಳೆ, ಮೈಬೆವರು ಎಲ್ಲಕ್ಕೂ ಬೆಲೆ ಇದೆ.

ಮೂರು ದಿನ ಡಬ್ಬಿ ಹೋಯಿತು. ಮೂರು ದಿನವೂ ಅವ್ವ ಅದನ್ನು ಕೋಳಿಗಳಿಗೆ ಹಾಕಿದಳು!

ಯಾಕೆ ಗೊತ್ತಾ? “ಅವರಿವರ ಮನೆ ಅನ್ನಕ್ಕೆ ಕೈ ಒಡ್ಡೋ ಗತಿ ನಂಗೆ ಬಂದಿಲ್ಲ” ಅಂತ. ಬದುಕಿಡೀ ಹತ್ತು ಜನಕ್ಕೆ ಬಡಿಸಿದ ಕೈ ಅದು. ಈಗ ಬೇರೆಯವರು ಬಡಿಸಿದ್ದನ್ನು ತಿನ್ನಬೇಕು ಅಂದರೆ ಸುಲಭವೇ? ನಾನು ತೂಕ, ರಕ್ತ, ಮಾತ್ರೆ ಅಂತ ಲೆಕ್ಕ ಹಾಕಿದ್ದೆ. ಮಾನದ ಲೆಕ್ಕ ಹಾಕಿರಲಿಲ್ಲ.

ದಾರಿ ಹುಡುಕಿದವಳು ಆ ಸೊಸೆಯೇ. ಅದು ಅವರೆಕಾಯಿ ಕಾಲ. ನಾಲ್ಕನೇ ದಿನ ಡಬ್ಬಿಯ ಜೊತೆ ನೆನೆಸಿದ ಅವರೆಕಾಳನ್ನೂ ಒಂದು ಪಾತ್ರೆಯಲ್ಲಿ ತಂದಳು. “ಅಜ್ಜಿ, ನಂಗೆ ಪುರುಸೊತ್ತಿಲ್ಲ. ಇದನ್ನ ಹಿತುಕಿ ಕೊಡ್ತೀರಾ? ಸಂಜೆ ಬಂದು ಇಸ್ಕೊಂಡು ಹೋಗ್ತೀನಿ” ಅಂದಳು. ಅವ್ವ ಕೂತು ಹಿತುಕಿದಳು. ಬೆರಳಿಗೆ ಗೊತ್ತಿದ್ದ ಕೆಲಸ. ಸಂಜೆ ಬೇಳೆ ಕೊಟ್ಟಳು, ಡಬ್ಬಿಯೂ ಖಾಲಿಯಾಗಿತ್ತು. ಆಮೇಲೆ ಒಂದು ದಿನ ಅಕ್ಕಿ ಆರಿಸುವುದು, ಒಂದು ದಿನ ಬೆಳ್ಳುಳ್ಳಿ ಬಿಡಿಸುವುದು. ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವುದು. ಅವ್ವ ಊರವರ ಮುಂದೆ ಹೇಳುತ್ತಿದ್ದಳು: “ನಾನು ಸುಮ್ನೆ ಉಣ್ತಿಲ್ಲ ಕಣ್ರೀ, ಕೂಲಿ ಮಾಡಿ ಉಣ್ತೀನಿ.”

ಆರು ತಿಂಗಳಿಗೆ 43 ಕಿಲೋ ಆದಳು.

ತೂಕ ಏರಿದ್ದು ಒಂದು. ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಮೊದಲೆಲ್ಲ ಹೋದಾಗ ಅವ್ವ ಕೆದರಿದ ತಲೆಯಲ್ಲಿ, ಹಿಂದಿನ ದಿನದ ಸೀರೆಯಲ್ಲಿ ಕೂತಿರುತ್ತಿದ್ದಳು. ಈಗ ಹನ್ನೆರಡು ಗಂಟೆಗೆ ತಲೆ ಬಾಚಿ, ಮುಖ ತೊಳೆದು, ಜಗಲಿಗೆ ಬಂದು ಕೂರುತ್ತಿದ್ದಳು. ಯಾಕೆಂದರೆ ಹನ್ನೆರಡೂವರೆಗೆ ಒಬ್ಬರು ಬರುತ್ತಾರೆ. ದಿನಕ್ಕೆ ಒಂದು ಹೊತ್ತು ಗೊತ್ತಾಯಿತು. ಅದರ ಸುತ್ತ ದಿನ ನಿಂತಿತು.

ಹೀಗೆ ಮನೆಗೆ ಊಟ ತಲುಪಿಸುವ ಕೆಲಸ ಬೇರೆ ದೇಶಗಳಲ್ಲಿ ಹೇಗೆ ಶುರುವಾಯಿತು ಅಂತ ಆಮೇಲೆ ತಿಳಿದುಕೊಂಡೆ. ಅಲ್ಲೂ ಶುರು ಮಾಡಿದವರಲ್ಲಿ ಹೆಂಗಸರೇ ಮುಂದೆ.

ಇಂಗ್ಲೆಂಡಿನಲ್ಲಿ 1943. ಎರಡನೇ ಮಹಾಯುದ್ಧದ ಕಾಲ. ಹೆಮೆಲ್ ಹೆಂಪ್‌ಸ್ಟೆಡ್ ಅನ್ನುವ ಊರಿನಲ್ಲಿ ಸ್ವಯಂಸೇವೆಯ ಹೆಂಗಸರು ಮುದುಕರ ಮನೆಗೆ ಬಿಸಿ ಊಟ ಒಯ್ದರು. ಮೋಟಾರು ಗಾಡಿಗೆ ಎಣ್ಣೆ ಸಿಗದ ಕಾಲ. ಹಳೆಯ ಮಕ್ಕಳ ತಳ್ಳುಗಾಡಿಯಲ್ಲಿ ಊಟ ಇಟ್ಟು, ಆರದ ಹಾಗೆ ಸುತ್ತ ಹುಲ್ಲು ತುಂಬಿ ತಳ್ಳಿಕೊಂಡು ಹೋದರು. ನಮ್ಮಲ್ಲಿ ಹುಲ್ಲಿನಲ್ಲಿ ಮಾವಿನಕಾಯಿ ಅಡೆ ಹಾಕುವ ಹಾಗೆ! ಅಮೆರಿಕದಲ್ಲಿ 1954ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಶುರುವಾಯಿತು. ಅಲ್ಲಿ ಹೈಸ್ಕೂಲು ಮಕ್ಕಳು ತಟ್ಟೆ ಹೊತ್ತರು. ಮುಂದೆ ಅಲ್ಲಿನ ಸರ್ಕಾರವೇ 1972ರಲ್ಲಿ ವಯಸ್ಸಾದವರ ಊಟಕ್ಕೆ ಕಾನೂನಿನಲ್ಲಿ ಹಣ ಇಟ್ಟಿತು. ಮನೆಗೆ ತಲುಪಿಸುವ ಊಟಕ್ಕೇ ಅಂತ 1978ರಲ್ಲಿ ಬೇರೆ ಹಣ ಇಟ್ಟಿತು.

ಜಪಾನಿನ ಮಾತು ನನಗೆ ಇನ್ನೂ ಇಷ್ಟ. ಅಲ್ಲಿ ಯಾಕುಲ್ಟ್ ಅನ್ನುವ ಹುಳಿ ಹಾಲಿನ ಸಣ್ಣ ಬಾಟಲಿಗಳನ್ನು ಹೆಂಗಸರು ಮನೆ ಮನೆಗೆ ಮಾರುತ್ತಾರೆ. ಅಂಥ ಒಬ್ಬ ಹೆಂಗಸು ಕೋರಿಯಾಮಾ ಊರಿನವಳು. ಒಬ್ಬಂಟಿಯಾಗಿದ್ದ ಮುದುಕರೊಬ್ಬರು ಯಾರಿಗೂ ತಿಳಿಯದ ಹಾಗೆ ತೀರಿಕೊಂಡ ಸುದ್ದಿ ಕೇಳಿ ನೊಂದಳು. ತನ್ನ ದಾರಿಯಲ್ಲಿದ್ದ ಒಂಟಿ ಮುದುಕರಿಗೆ ಸ್ವಂತ ದುಡ್ಡಿನಲ್ಲಿ ಒಂದೊಂದು ಬಾಟಲಿ ಕೊಟ್ಟು ಮಾತಾಡಿಸಿ ಬರತೊಡಗಿದಳು. ಅದು 1972. ಅದನ್ನು ನೋಡಿ ಬೇರೆಯವರೂ ಕೈ ಸೇರಿಸಿದರು. ಒಂದು ಸಣ್ಣ ಬಾಟಲಿಯಿಂದ ಹೊಟ್ಟೆ ತುಂಬುವುದಿಲ್ಲ. ಆದರೆ ಬಾಗಿಲು ಬಡಿಯಲು ಒಂದು ನೆಪ ಆಯಿತು.

ಬಾಗಿಲು ಬಡಿಯುವುದು ದೊಡ್ಡದೋ, ಊಟ ದೊಡ್ಡದೋ? ಇದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. ಆಗ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿದ್ದ ಕಾಲಿ ಥಾಮಸ್ ಅನ್ನುವ ಸಂಶೋಧಕಿ ಮಾಡಿದ ಕೆಲಸ ಇದು. 2015ರಲ್ಲಿ ವರದಿ ಬಂತು. ಊಟ ಬೇಕು ಅಂತ ಹೆಸರು ಬರೆಸಿ ಕಾಯುತ್ತಿದ್ದ 600ಕ್ಕೂ ಹೆಚ್ಚು ಮುದುಕರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ದಿನಾ ಒಬ್ಬರು ಹೋಗಿ ಊಟ ಕೊಟ್ಟರು. ಇನ್ನೊಂದು ಗುಂಪಿಗೆ ವಾರದ ಊಟವನ್ನು ಮಂಜಿನಲ್ಲಿ ಗಟ್ಟಿ ಮಾಡಿ ಒಂದೇ ಸಲ ಕೊಟ್ಟರು. ಮೂರನೇ ಗುಂಪು ಕಾಯುತ್ತಲೇ ಇತ್ತು. ಹದಿನೈದು ವಾರ ಆದ ಮೇಲೆ ಕೇಳಿದರು. ದಿನಾ ಊಟ ಬಂದವರಲ್ಲಿ ಹೆದರಿಕೆ ಕಡಿಮೆಯಾಗಿತ್ತು, ಒಂಟಿತನ ಕಡಿಮೆಯಾಗಿತ್ತು, ಬೀಳುವುದೂ ಕಡಿಮೆಯಾಗಿತ್ತು. ಹೆಚ್ಚು ಲಾಭ ಆದದ್ದು ಒಬ್ಬರೇ ಇರುವವರಿಗೆ. ವಾರಕ್ಕೊಮ್ಮೆ ಕೊಟ್ಟದ್ದೂ ಊಟವೇ. ಆದರೆ ದಿನಾ ಒಂದು ಮುಖ ಕಂಡವರಿಗೇ ಲಾಭ ಹೆಚ್ಚು.

ಇದನ್ನು ಓದಿದಾಗ ನನಗೆ ಒಂದು ದಿನ ನೆನಪಾಯಿತು. ಅವತ್ತು ಅವ್ವ ಜಗಲಿಯಲ್ಲಿ ಇರಲಿಲ್ಲ. ಸೊಸೆ ಡಬ್ಬಿ ಹಿಡಿದು ಕೂಗಿದಳು. ಉತ್ತರ ಇಲ್ಲ. ಒಳಗೆ ಹೋದರೆ ಅವ್ವ ಗೋಡೆಗೆ ಒರಗಿ ಕೂತಿದ್ದಳು. ಮೈಯೆಲ್ಲ ತಣ್ಣನೆ ಬೆವರು. ಮಾತು ತೊದಲುತ್ತಿತ್ತು. ಬೆಳಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ತಿಂಡಿ ತಿನ್ನದೇ ಕೂತಿದ್ದಳು. ರಕ್ತದಲ್ಲಿ ಸಕ್ಕರೆ ಇಳಿದುಹೋಗಿತ್ತು. ಸೊಸೆಗೆ ನಾನು ಮೊದಲೇ ಹೇಳಿಕೊಟ್ಟಿದ್ದೆ. ಸಕ್ಕರೆ ನೀರು ಕದಡಿ ಕುಡಿಸಿದಳು. ಕಾಲು ಗಂಟೆಯಲ್ಲಿ ಅವ್ವ ಕಣ್ಣು ಅರಳಿಸಿ “ಸಾರು ಆರೋಯ್ತಾ?” ಅಂತ ಕೇಳಿದಳಂತೆ.

ನೀವೂ ನೆನಪಿಡಿ. ಎಚ್ಚರ ಇದ್ದು, ನುಂಗಲು ಆಗುತ್ತಿದ್ದರೆ ಮಾತ್ರ ಸಕ್ಕರೆ ನೀರು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಶ್ವಾಸಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ಕೊಟ್ಟದ್ದರಿಂದ ಚೇತರಿಸಿಕೊಂಡರೂ ಆಮೇಲೆ ಊಟ ಮಾಡಿಸಿ, ಡಾಕ್ಟರಿಗೆ ತೋರಿಸಿ.

ಅವತ್ತು ಡಬ್ಬಿಯನ್ನು ಗೇಟಿಗೆ ನೇತುಹಾಕಿ ಹೋಗಿದ್ದರೆ? ಈಗ ಪೇಟೆಯಲ್ಲಿ ಮೊಬೈಲಿನಲ್ಲಿ ಊಟ ತರಿಸುತ್ತಾರೆ. ಎಲ್ಲೋ ದೂರ ಇರುವ ಮಗ ಅಲ್ಲಿಂದಲೇ ಅಪ್ಪನಿಗೆ ಊಟ ಕಳಿಸುತ್ತಾನೆ. ಒಳ್ಳೆಯದೇ. ಆದರೆ ತರುವ ಹುಡುಗನಿಗೆ ನಿಲ್ಲಲು ಹೊತ್ತಿಲ್ಲ. ಅವನ ತಪ್ಪಲ್ಲ, ಅವನ ಹೊಟ್ಟೆಪಾಡು ಹಾಗಿದೆ. ಊಟ ಬಂತು, ಮುಖ ಬರಲಿಲ್ಲ.

ನಮ್ಮ ರಾಜ್ಯದ ವಿಷಯಕ್ಕೆ ಬರೋಣ. ಅಂಗನವಾಡಿಯಲ್ಲಿ ಮಕ್ಕಳಿಗೆ ಊಟ ಇದೆ. ಶಾಲೆಯಲ್ಲಿ ಬಿಸಿಯೂಟ ಇದೆ. ವಯಸ್ಸಾದವರಿಗೆ ಸಂಧ್ಯಾ ಸುರಕ್ಷಾ 2007ರಲ್ಲಿ ಬಂತು. 2021ರಲ್ಲಿ ಅದು ತಿಂಗಳಿಗೆ 1,200 ರೂಪಾಯಿ ಆಯಿತು. 2024ರ ಬಜೆಟ್ಟಿನಲ್ಲಿ ಅನ್ನ ಸುವಿಧಾ ಅಂತ ಒಂದು ಯೋಜನೆ ಹೇಳಿದರು. ಆಗ ಹೇಳಿದ್ದು 80 ವರ್ಷ ದಾಟಿದವರು ಇರುವ ಮನೆ ಬಾಗಿಲಿಗೆ ರೇಷನ್ ತಂದುಕೊಡುವುದು ಅಂತ. ನಿಮ್ಮ ಬೀದಿಯಲ್ಲಿ ಅಂಥವರಿದ್ದರೆ ನ್ಯಾಯಬೆಲೆ ಅಂಗಡಿಯಲ್ಲಿ ಕೇಳಿ, ಅವರಿಗೆ ಕೊಡಿಸಿ. ಆದರೆ ಒಂದು ಮಾತು. ಬಾಗಿಲಿಗೆ ಬರುವುದು ಅಕ್ಕಿ. ಅಕ್ಕಿ ಅನ್ನ ಆಗಬೇಕಾದರೆ ಯಾರಾದರೂ ಒಲೆ ಹಚ್ಚಬೇಕು. ಕೈ ನಡುಗುವ ಅಜ್ಜಿ ಕುದಿಯುವ ನೀರು ಬಸಿಯುವುದನ್ನು ನೆನೆಸಿಕೊಂಡರೆ ನನಗೆ ಸುಟ್ಟ ಗಾಯದ ವಾರ್ಡೇ ಕಣ್ಣಿಗೆ ಬರುತ್ತದೆ.

ಅದಕ್ಕೇ ನಾನು ಕೇಳುವುದು, ನಿಮ್ಮ ಸಂಘದಲ್ಲಿ ಹತ್ತು ಹದಿನೈದು ಜನ ಇದ್ದೀರಲ್ಲ. ಬೀದಿಯಲ್ಲಿ ಇಬ್ಬರು ಮೂವರು ಇಂಥ ಮುದುಕರು ಇರಬಹುದು. ವಾರಕ್ಕೆ ಒಬ್ಬೊಬ್ಬರ ಸರದಿ ಹಾಕಿಕೊಂಡರೆ ಒಬ್ಬರ ಮೇಲೆ ಭಾರ ಬೀಳುವುದಿಲ್ಲ. ಮಕ್ಕಳು ದುಡಿಯುತ್ತಿದ್ದರೆ ಅವರಿಂದ ದುಡ್ಡು ಕೇಳಿ ತಗೊಳ್ಳಿ. ನಾಚಬೇಡಿ. ಕೊಡಲು ಯಾರೂ ಇಲ್ಲದವರಿಗೆ ಪಂಚಾಯಿತಿಯಲ್ಲಿ ಕೇಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಏನು ಕೊಡಬೇಕು? ನಮ್ಮ ಮನೆ ಅಡುಗೆಯೇ ಸಾಕು, ಸ್ವಲ್ಪ ತಿದ್ದಬೇಕು. ಮುದ್ದೆ ಒಳ್ಳೆಯದು. ಅಗಿಯುವಂತಿಲ್ಲ, ನುಂಗುವುದು. ಹಲ್ಲಿಲ್ಲದವರಿಗೂ ಆಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಅಕ್ಕಿಯಲ್ಲಿ ಇರುವುದು ತೀರಾ ಸ್ವಲ್ಪ. ಆದರೆ ಮುದ್ದೆ ಮೆತ್ತಗಿರಲಿ, ತುತ್ತು ಸಣ್ಣದಿರಲಿ, ಸಾರು ಜಾಸ್ತಿ ಇರಲಿ. ನುಂಗುವಾಗ ಕೆಮ್ಮು ಬರುವವರಿಗೆ ಮುದ್ದೆ ಬೇಡ, ಡಾಕ್ಟರನ್ನು ಕೇಳಿ. ಸಾರಿನಲ್ಲಿ ಕಾಳು ಇರಲೇಬೇಕು. ಹೆಸರುಕಾಳು, ಅಲಸಂದೆ, ಹುರುಳಿ ಯಾವುದಾದರೂ ಸರಿ. ಚೆನ್ನಾಗಿ ಬೇಯಿಸಿ, ಸ್ವಲ್ಪ ಮಸೆದು ಹಾಕಿ. ಮುದುಕರಿಗೆ ಊಟ ಕಡಿಮೆ ಸಾಕು ಅಂತ ನಾವು ಅಂದುಕೊಂಡಿದ್ದೇವೆ. ಅನ್ನ ಕಡಿಮೆಯಾದರೂ ಪ್ರೋಟೀನು ಕಡಿಮೆ ಆಗಬಾರದು. ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1 ಗ್ರಾಂ ಬೇಕು ಅನ್ನುತ್ತಾರೆ ತಿಳಿದವರು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಸುಮಾರು ಅಷ್ಟೇ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಬಿ.ಪಿ. ಇರುವವರಿಗೆ ಉಪ್ಪು ಕೆಟ್ಟದ್ದು. ರುಚಿಗೆ ನಿಂಬೆಹುಳಿ, ಕೊತ್ತಂಬರಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ. ಮೂತ್ರಪಿಂಡದ ಕಾಯಿಲೆ ಇರುವವರ ಊಟ ಮಾತ್ರ ಬೇರೆ. ಅದನ್ನು ಡಾಕ್ಟರ ಹತ್ತಿರವೇ ಕೇಳಬೇಕು.

ಬಿಸಿ ಇರುವಾಗಲೇ ಕೊಡಿ. ಮಿಕ್ಕಿದ್ದನ್ನು ರಾತ್ರಿಗೆ ಅಂತ ಮುಚ್ಚಿಡುತ್ತಾರೆ. ಬೇಸಿಗೆಯಲ್ಲಿ ಅದು ಹಳಸುತ್ತದೆ. ಮುದುಕರ ಮೂಗಿಗೆ ಹಳಸಿದ ವಾಸನೆ ತಿಳಿಯುವುದಿಲ್ಲ. ಹಿಂದಿನ ದಿನದ ಡಬ್ಬಿ ತೆಗೆದು ನೋಡಿ. ಎಷ್ಟು ತಿಂದಿದ್ದಾರೆ ಅನ್ನುವುದು ಡಬ್ಬಿಯಲ್ಲೇ ಕಾಣುತ್ತದೆ.

ಜಾತಿಯ ಮಾತೂ ಬರುತ್ತದೆ. ಬರುವುದಿಲ್ಲ ಅಂತ ನಾನು ಸುಳ್ಳು ಹೇಳಲಾರೆ. “ಯಾರ ಮನೆ ಅಡುಗೆ?” ಅಂತ ಕೆಲವರು ಕೇಳುತ್ತಾರೆ. ನಮ್ಮೂರಲ್ಲೂ ಕೇಳಿದರು. ಒಬ್ಬ ಅಜ್ಜ ಎರಡು ವಾರ ಡಬ್ಬಿ ತಿರುಗಿಸಿ ಕಳಿಸಿದರು. ಮೂರನೇ ವಾರ ಜ್ವರ ಬಂದು ಮಲಗಿದಾಗ ಗಂಜಿ ಕುಡಿದರು. ಎದ್ದ ಮೇಲೆ ಮತ್ತೆ ಕೇಳಲಿಲ್ಲ. ಎಲ್ಲರೂ ಹಾಗೆ ಬದಲಾಗುತ್ತಾರೆ ಅಂತಲ್ಲ.

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಡಬ್ಬಿ ಹೋಗುತ್ತಿದೆ ಅಂತ ಗೊತ್ತಾದ ಮೇಲೆ ನಾನು ನಿಶ್ಚಿಂತೆಯಾದೆ. ಹದಿನೈದು ದಿನಕ್ಕೆ ಒಮ್ಮೆ ಹೋಗುತ್ತಿದ್ದವಳು ತಿಂಗಳಿಗೆ ಒಮ್ಮೆ ಆದೆ. ಅಣ್ಣ ಮೂರು ತಿಂಗಳಿಗೆ ಒಮ್ಮೆ. ಅವ್ವ ಏನೂ ಅನ್ನಲಿಲ್ಲ. ಪಕ್ಕದ ಮನೆ ಸೊಸೆಯೇ ಒಂದು ದಿನ ಫೋನ್ ಮಾಡಿ, “ಅಕ್ಕ, ನಾನು ಮುದ್ದೆ ಕೊಡಬಹುದು, ಮಗಳು ಆಗೋಕಾಗಲ್ಲ” ಅಂದಳು. ಮುಖಕ್ಕೆ ಹೊಡೆದ ಹಾಗಾಯಿತು. ಆ ಭಾನುವಾರದಿಂದ ಮತ್ತೆ ಮೊದಲಿನ ಹಾಗೆ ಹೋದೆ.

ಅವ್ವ ಆಮೇಲೆ ನಾಲ್ಕು ವರ್ಷ ಬದುಕಿದಳು. ತನ್ನ ಮನೆಯಲ್ಲೇ ಇದ್ದಳು. ಕೊನೆಗೆ ಒಂಬತ್ತು ದಿನ ಮಾತ್ರ ಹಾಸಿಗೆಯಲ್ಲಿ ಮಲಗಿದಳು.

ತಿಥಿ ಮುಗಿದ ಮೇಲೆ ಆ ಸೊಸೆ ಒಂದು ನೋಟ್‌ಬುಕ್ ತಂದುಕೊಟ್ಟಳು. ದಿನಾ ಎಷ್ಟು ತಿಂದರು ಅಂತ ಬರೆದಿಡು ಅಂತ ನಾನೇ ಕೊಟ್ಟಿದ್ದ ಪುಸ್ತಕ. ದೊಡ್ಡ ದೊಡ್ಡ ಅಕ್ಷರ. ಕೆಲವು ಕಡೆ ಒತ್ತಕ್ಷರ ತಪ್ಪಿದೆ. ಕೊನೆಯ ಪುಟದಲ್ಲಿ ಹೀಗಿತ್ತು: “ಅರ್ಧ ಮುದ್ದೆ. ಸಾರು ಪೂರ್ತಿ. ಉಪ್ಪು ಕಡಿಮೆ ಅಂತ ಬೈದರು.”

ಡಬ್ಬಿಯನ್ನು ನಾನು ವಾಪಸು ತಗೊಳ್ಳಲಿಲ್ಲ. ಈಗ ಅದು ಕೆಳಗಿನ ಬೀದಿಯ ಇನ್ನೊಬ್ಬ ಅಜ್ಜಿಯ ಮನೆಗೆ ಹೋಗುತ್ತಿದೆ. ಆ ಅಜ್ಜಿಗೆ ಇನ್ನೂ ಹಲ್ಲಿದೆಯಂತೆ. ವಾರಕ್ಕೆ ಎರಡು ದಿನ ಅಕ್ಕಿ ರೊಟ್ಟಿಯೇ ಬೇಕು ಅಂತ ಹಟವಂತೆ.